ರೋಡ್ ಐಲೆಂಡ್ ರೆಡ್: ಮಾನದಂಡ ಹಿಡಿದು ಶುದ್ಧ ತಳಿಯ ಕೋಳಿಯನ್ನು ಅಳೆಯುವ, ಬೆಳೆಸುವ ಕ್ರಮ

ರೋಡ್ ಐಲೆಂಡ್ ರೆಡ್ ಎಂಬ ಹೆಸರು ಕರ್ನಾಟಕದ ಕೋಳಿ ಸಾಕಣೆದಾರರಿಗೆ ಹೊಸದಲ್ಲ. ಊರ ಕೋಳಿಗಳ ಮೊಟ್ಟೆಯನ್ನೂ ಮೈತೂಕವನ್ನೂ ಹೆಚ್ಚಿಸಲು ಸರ್ಕಾರಿ ಫಾರಂಗಳು ಬಳಸಿದ ವಿದೇಶಿ ತಳಿಗಳಲ್ಲಿ ಇದು ಮುಖ್ಯವಾದದ್ದು. ಹಳಬರು ಇಂದಿಗೂ ಇದನ್ನು ‘ಆರ್‌ಐಆರ್’ ಎಂದೇ ಕರೆಯುತ್ತಾರೆ. ಆದರೆ ಆ ಹೆಸರಿನಲ್ಲಿ ಮಾರಾಟಕ್ಕೆ ಬರುವ ಕೆಂಪು ಕೋಳಿಗಳಲ್ಲಿ ಎಷ್ಟೋ ಮಿಶ್ರ ತಳಿಯವು. ಅವುಗಳ ಮರಿಗಳನ್ನು ಬೆಳೆಸಿ ನೋಡಿದರೆ ಒಂದು ತೆಳು ಕೆಂಪು, ಇನ್ನೊಂದು ಕಂದು, ಮತ್ತೊಂದರ ಕಾಲು ಬಿಳಿ. ತಳಿಯನ್ನು ಉಳಿಸಿಕೊಳ್ಳಬೇಕೆನ್ನುವವರು ಲಿಖಿತ ಮಾನದಂಡವನ್ನು ಮುಂದಿಟ್ಟುಕೊಂಡು ಹಿಂಡನ್ನು ಅಳೆಯುವುದು, ಜೋಡಿ ಮಾಡುವುದು, ಮರಿಗಳಲ್ಲಿ ಆರಿಸುವುದು ಹೇಗೆಂಬುದನ್ನು ಇಲ್ಲಿ ಹಂತ ಹಂತವಾಗಿ ವಿವರಿಸಲಾಗಿದೆ. ಬೇರೆ ತಳಿ ಸಾಕುವವರಿಗೂ ಕ್ರಮ ಇದೇ, ವಿವರಗಳು ಮಾತ್ರ ಬೇರೆ.

ಮೊದಲ ಹಂತ: ಮಾನದಂಡವನ್ನು ಓದುವುದು

ಅಮೆರಿಕನ್ ಪೌಲ್ಟ್ರಿ ಅಸೋಸಿಯೇಷನ್ 1873ರಲ್ಲಿ ನ್ಯೂಯಾರ್ಕ್ ರಾಜ್ಯದ ಬಫಲೋ ನಗರದಲ್ಲಿ ಹುಟ್ಟಿತು. ಪ್ರದರ್ಶನಗಳಲ್ಲಿ ಒಬ್ಬ ತೀರ್ಪುಗಾರ ಮೆಚ್ಚಿದ ಕೋಳಿಯನ್ನು ಇನ್ನೊಬ್ಬ ತಳ್ಳಿಹಾಕುವ ಗೊಂದಲವನ್ನು ತಪ್ಪಿಸಲು ಅದು ಮರುವರ್ಷವೇ, ಅಂದರೆ 1874ರಲ್ಲಿ, ತಳಿಗಳ ಮಾನದಂಡದ ಮೊದಲ ಆವೃತ್ತಿಯನ್ನು ಹೊರತಂದಿತು. ಒಂಟಿ ಜುಟ್ಟಿನ ರೋಡ್ ಐಲೆಂಡ್ ರೆಡ್ ಅದರೊಳಗೆ ಸೇರಿದ್ದು 1904ರಲ್ಲಿ. ಅದಕ್ಕೂ ಎಷ್ಟೋ ದಶಕ ಮೊದಲೇ ರೋಡ್ ಐಲೆಂಡ್ ರಾಜ್ಯದ ಲಿಟಲ್ ಕಾಂಪ್ಟನ್ ಸುತ್ತಲಿನ ರೈತರು ಹಡಗುಗಳಲ್ಲಿ ಬಂದ ಕೆಂಪು ಮಲಯ ಹುಂಜಗಳನ್ನೂ ಚೀನಾ ಕಡೆಯ ಭಾರಿ ಕೋಳಿಗಳನ್ನೂ ತಮ್ಮ ಊರ ಹೇಂಟೆಗಳ ಜೊತೆ ಬೆರೆಸಿ, ಚೆನ್ನಾಗಿ ಮೊಟ್ಟೆ ಇಟ್ಟು ಮಾಂಸಕ್ಕೂ ಒದಗುವ ಗಟ್ಟಿ ಕೋಳಿಯನ್ನು ರೂಢಿಸಿದ್ದರು. ಬಣ್ಣವನ್ನು ಏಕರೂಪಕ್ಕೆ ತಂದ ಕೆಲಸ ಆಮೇಲಿನದು. ಈ ಇತಿಹಾಸ ಆಯ್ಕೆಯ ಹೊತ್ತಿನಲ್ಲಿ ನೆನಪಿರಬೇಕು, ಏಕೆಂದರೆ ತಳಿಯ ಮೈಕಟ್ಟನ್ನು ತೀರ್ಮಾನಿಸಿದ್ದು ರೈತನ ಅಗತ್ಯ, ಪ್ರದರ್ಶನದ ಕಣ್ಣಲ್ಲ.

ಮಾನದಂಡವು ಪ್ರತಿ ಅಂಗದ ಆಕಾರವನ್ನೂ ಬಣ್ಣವನ್ನೂ ಪ್ರತ್ಯೇಕವಾಗಿ ಹೇಳುತ್ತದೆ, ಒಟ್ಟು 100 ಅಂಕಗಳನ್ನು ಅಂಗಗಳ ನಡುವೆ ಹಂಚುತ್ತದೆ. ರೋಡ್ ಐಲೆಂಡ್ ರೆಡ್‌ಗೆ ಅದು ಹೇಳುವ ತೂಕ ಹೀಗಿದೆ: ಒಂದು ವರ್ಷ ದಾಟಿದ ಹುಂಜ ಎಂಟೂವರೆ ಪೌಂಡ್, ಎಂದರೆ ಸುಮಾರು 3.9 ಕಿಲೋ, ಬಲಿತ ಹೇಂಟೆ ಆರೂವರೆ ಪೌಂಡ್, ಸುಮಾರು 2.9 ಕಿಲೋ, ವರ್ಷದೊಳಗಿನ ಎಳೆ ಹುಂಜ 3.4 ಕಿಲೋ, ಎಳೆ ಹೇಂಟೆ 2.5 ಕಿಲೋ. ಮೈ ಉದ್ದವಾಗಿ, ಅಗಲವಾಗಿ, ಪಕ್ಕದಿಂದ ನೋಡಿದರೆ ಇಟ್ಟಿಗೆಯಂತೆ ಚೌಕಟ್ಟಾಗಿರಬೇಕು. ಬೆನ್ನು ನೆಲಕ್ಕೆ ಸಮಾನಾಂತರವಾಗಿರಬೇಕು. ಜುಟ್ಟು ನೆಟ್ಟಗೆ ನಿಂತು ಐದು ಹಲ್ಲುಗಳಿರಬೇಕು, ಹಿಂದು ಮುಂದಿನವು ನಡುವಿನವಕ್ಕಿಂತ ಚಿಕ್ಕದಾಗಿರಬೇಕು. ಕಿವಿಹಾಲೆ ಕೆಂಪು, ಕಣ್ಣು ಕೆಂಗಂದು, ಕಾಲು ಹಳದಿ. ಕಾಲಿನ ಪಕ್ಕದಲ್ಲಿ ಕೆಂಪು ಗೆರೆಯಿದ್ದರೆ ಮೆಚ್ಚುಗೆ.

ಓದುವಾಗ ಎರಡು ಬಗೆಯ ತಪ್ಪುಗಳನ್ನು ಬೇರೆ ಮಾಡಿಕೊಳ್ಳಬೇಕು. ಜುಟ್ಟಿಗೆ ಐದರ ಬದಲು ಆರು ಹಲ್ಲು ಬಂದರೆ ಅದು ಕೊರತೆ, ಅಂಕ ಕಡಿಮೆಯಾಗುತ್ತದೆ ಅಷ್ಟೇ. ಆದರೆ ಜುಟ್ಟಿನ ಪಕ್ಕದಿಂದ ಒಡೆದು ಬಂದ ಹೆಚ್ಚುವರಿ ಹಲ್ಲು, ಕಾಲಿನ ಮೇಲೆ ಪುಕ್ಕ ಅಥವಾ ಪುಕ್ಕದ ಮೊಳಕೆ, ಒಂದೇ ಕಡೆಗೆ ತಿರುಗಿಕೊಂಡೇ ಇರುವ ಬಾಲ, ಕತ್ತರಿಯಂತೆ ಅಡ್ಡವಾದ ಕೊಕ್ಕು, ಹೊರಮೈಯಲ್ಲಿ ಕಾಣುವ ಪೂರ್ತಿ ಬಿಳಿಯ ಗರಿ ಇವೆಲ್ಲ ಅನರ್ಹತೆಗಳು. ಅಂಥ ಕೋಳಿ ಉಳಿದೆಲ್ಲದರಲ್ಲಿ ಎಷ್ಟೇ ಚೆನ್ನಾಗಿದ್ದರೂ ಪ್ರದರ್ಶನದಿಂದ ಹೊರಗೆ. ತಳಿ ಬೆಳೆಸುವವರು ಈ ವಿಂಗಡಣೆಯನ್ನು ಇನ್ನಷ್ಟು ಬಿಗಿಯಾಗಿ ಪಾಲಿಸುವುದು ಒಳ್ಳೆಯದು, ಯಾಕೆಂದರೆ ಅನರ್ಹತೆಗಳಲ್ಲಿ ಹೆಚ್ಚಿನವು ವಂಶದಲ್ಲಿ ಇಳಿದುಬರುವಂಥವು.

ಎರಡನೆಯ ಹಂತ: ಮೂಲ ಹಿಂಡನ್ನು ಆರಿಸುವುದು

ಮೂಲ ಕೋಳಿಗಳನ್ನು ತರುವಾಗ ಮಾರುವವರು ಎತ್ತಿ ತೋರಿಸುವ ಒಂದೆರಡು ಚೆಂದದ ಕೋಳಿಗಳ ಮುಂದೆ ನಿಲ್ಲದೆ, ಅವುಗಳ ಅಪ್ಪ, ಅವ್ವ, ಒಡಹುಟ್ಟಿದ ಮರಿಗಳು ಇರುವ ಇಡೀ ಗೂಡನ್ನು ನೋಡಬೇಕು. ಹತ್ತು ಸಾಧಾರಣ ಅಣ್ಣತಮ್ಮಂದಿರ ನಡುವೆ ಎದ್ದು ಕಾಣುವ ಒಂದು ಹುಂಜಕ್ಕಿಂತ, ಎಲ್ಲರೂ ಒಂದೇ ಅಚ್ಚಿನಲ್ಲಿರುವ ಗೂಡಿನಿಂದ ಬಂದ ಎರಡನೆಯ ದರ್ಜೆಯ ಹುಂಜ ಮರಿಗಳಿಗೆ ಹೆಚ್ಚು ಕೊಡುತ್ತದೆ.

ಶುದ್ಧತೆಯನ್ನು ಪರೀಕ್ಷಿಸಲು ಈ ತಳಿಯಲ್ಲಿ ಒಂದು ಅನುಕೂಲವಿದೆ. ಒಂಟಿ ಜುಟ್ಟು ಮತ್ತು ಹಳದಿ ಚರ್ಮ ಎರಡೂ ಅಪ್ರಬಲ ಗುಣಗಳು. ಅಪ್ಪ ಅವ್ವ ಇಬ್ಬರಿಂದಲೂ ಬಂದರೆ ಮಾತ್ರ ಮರಿಯಲ್ಲಿ ಕಾಣುತ್ತವೆ. ಆದ್ದರಿಂದ ಹಳದಿ ಕಾಲಿನ ಜೋಡಿಗೆ ಹುಟ್ಟಿದ ಮರಿಗಳ ಕಾಲು ಬಿಳಿಯಾಗಿದ್ದರೆ, ಅಥವಾ ಒಂಟಿ ಜುಟ್ಟಿನ ಜೋಡಿಯಲ್ಲಿ ತಲೆಗೆ ಅಂಟಿಕೊಂಡ ಚಪ್ಪಟೆಯ ಗುಲಾಬಿ ಜುಟ್ಟೋ ಕಿರು ಸಾಲುಗಳ ಅಸೀಲ್ ಜುಟ್ಟೋ ಕಂಡರೆ, ಬೇರೆ ಹುಂಜ ಗೂಡಿಗೆ ನುಗ್ಗಿದೆ ಎಂದೇ ತಿಳಿಯಬೇಕು. ಗುಲಾಬಿ ಜುಟ್ಟಿನ ಬಗೆಯನ್ನು ಸಾಕುವವರ ಕಥೆ ಬೇರೆ: ಅಲ್ಲಿ ಗುಲಾಬಿ ಜುಟ್ಟು ಪ್ರಬಲ ಗುಣವಾದ್ದರಿಂದ, ಒಂಟಿ ಜುಟ್ಟನ್ನು ಒಳಗೆ ಅಡಗಿಸಿಕೊಂಡ ಜೋಡಿಗಳು ಆಗೀಗ ಒಂಟಿ ಜುಟ್ಟಿನ ಮರಿಯನ್ನು ಕೊಡುವುದು ಸಹಜ, ಅದು ಕಲಬೆರಕೆಯ ಗುರುತಲ್ಲ. ಹಳದಿ ಕಾಲಿನ ವಿಚಾರದಲ್ಲಿ ಕನ್ನಡಿಗರಿಗೆ ಇಷ್ಟವಾಗುವ ಸಂಗತಿಯೊಂದಿದೆ. ಸಾಕು ಕೋಳಿಗಳ ಮುಖ್ಯ ಪೂರ್ವಜ ಕೆಂಪು ಕಾಡುಕೋಳಿಯಾದರೂ, ಹಳದಿ ಚರ್ಮದ ವಂಶವಾಹಿ ಬಂದಿರುವುದು ನಮ್ಮ ಪಶ್ಚಿಮಘಟ್ಟದ ಕಾಡುಗಳಲ್ಲಿರುವ ಬೂದು ಕಾಡುಕೋಳಿಯಿಂದ ಎಂದು 2008ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು.

ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಅಭಿವೃದ್ಧಿಯಾದ ಗಿರಿರಾಜ, ಸ್ವರ್ಣಧಾರ ಕೋಳಿಗಳನ್ನು ಈ ಲೆಕ್ಕಕ್ಕೆ ತರಬಾರದು. ಅವು ಹಿತ್ತಲಿನ ಸಾಕಣೆಗೆಂದೇ ಬೇರೆ ಬೇರೆ ವಂಶಗಳನ್ನು ಕೂಡಿಸಿ ಮಾಡಿದ ಸುಧಾರಿತ ಕೋಳಿಗಳು. ತಮ್ಮ ಕೆಲಸದಲ್ಲಿ ಒಳ್ಳೆಯವೇ, ಆದರೆ ಅವುಗಳ ಮರಿಗಳು ಅವುಗಳಂತೆಯೇ ಇರುತ್ತವೆಂಬ ಭರವಸೆಯಿಲ್ಲ. ದೇಸಿ ತಳಿಯಲ್ಲಿ ಆಸಕ್ತಿಯಿರುವವರು ಕಡಕ್‌ನಾಥ್, ಅಸೀಲ್‌ಗಳನ್ನು ಹಿಡಿಯಬಹುದು. ದೇಸಿ ತಳಿಗಳನ್ನು ನೋಂದಾಯಿಸುವ ಕರ್ನಾಲ್‌ನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೊ ದಾಖಲಿಸಿರುವ ತಳಿ ಲಕ್ಷಣಗಳೇ ಅವರಿಗೆ ಅಳತೆಗೋಲು.

ಎಷ್ಟು ಕೋಳಿಗಳಿಂದ ಆರಂಭಿಸಬೇಕು ಎಂಬ ಪ್ರಶ್ನೆಗೆ ಲೆಕ್ಕವೇ ಉತ್ತರ ಕೊಡುತ್ತದೆ. ಒಂದು ಹುಂಜ, ಹತ್ತು ಹೇಂಟೆಗಳ ಹಿಂಡಿನಲ್ಲಿ ತಲೆಗಳು ಹನ್ನೊಂದು ಇದ್ದರೂ, ಎಲ್ಲ ಮರಿಗಳ ಅಪ್ಪ ಒಂದೇ ಆಗಿರುವುದರಿಂದ ವಂಶದ ದೃಷ್ಟಿಯಲ್ಲಿ ಅದು ನಾಲ್ಕು ಕೋಳಿಗಳ ಹಿಂಡಿಗಿಂತಲೂ ಚಿಕ್ಕದು. ಒಂದೇ ತಲೆಮಾರಿನಲ್ಲಿ ಒಳಸಂಬಂಧದ, ಎಂದರೆ ಹತ್ತಿರದ ರಕ್ತಸಂಬಂಧಿಗಳೇ ಕೂಡುವುದರ, ಪ್ರಮಾಣ ಶೇ 13ರಿಂದ 14ರಷ್ಟು ಏರುತ್ತದೆ. ಮೂರು ಹುಂಜ, ಮೂವತ್ತು ಹೇಂಟೆಗಳಾದರೆ ಈ ಏರಿಕೆ ಶೇ 5ಕ್ಕಿಂತ ಕೆಳಗಿಳಿಯುತ್ತದೆ. ಅಷ್ಟು ಜಾಗವಿಲ್ಲದವರು ಮೂರು ಹುಂಜ, ಹನ್ನೆರಡು ಹೇಂಟೆಗಳಿಂದಾದರೂ ಆರಂಭಿಸಬೇಕು. ಹುಂಜಗಳ ಸಂಖ್ಯೆಯಲ್ಲಿ ಮಾತ್ರ ಜಿಪುಣತನ ಬೇಡ.

ತರುವ ಮೊದಲು ಪುಲ್ಲೋರಮ್ ರೋಗಕ್ಕೆ ರಕ್ತಪರೀಕ್ಷೆ ಮಾಡಿಸುವುದು ಅವಶ್ಯ. ಇದು ತಾಯಿಯಿಂದ ಮೊಟ್ಟೆಯ ಮೂಲಕವೇ ಮರಿಗೆ ದಾಟುವ ರೋಗ. ಮೇಲ್ನೋಟಕ್ಕೆ ಗಟ್ಟಿಯಾಗಿರುವ ಒಂದು ಹೇಂಟೆ ವರ್ಷದ ಮರಿಗಳನ್ನೆಲ್ಲ ಹಾಳುಮಾಡಬಲ್ಲದು.

ಮೂರನೆಯ ಹಂತ: ಕೋಳಿಯನ್ನು ಕೈಗೆತ್ತಿ ಅಳೆಯುವುದು

ಅಮೆರಿಕದ ಹಳೆಯ ಸಾಕಣೆದಾರರಲ್ಲಿ, ಕೊಟ್ಟಿಗೆಯನ್ನು ಮೊದಲು ಕಟ್ಟು, ಬಣ್ಣ ಆಮೇಲೆ ಬಳಿ ಎಂಬ ಮಾತಿದೆ. ಅಳೆಯುವ ಅನುಕ್ರಮವೂ ಅದೇ ಆಗಿರಬೇಕು. ಬಣ್ಣ ಕಣ್ಣಿಗೆ ಬೇಗ ಹೊಡೆಯುವುದರಿಂದ ಹೊಸಬರು ಮೊದಲು ಅದನ್ನೇ ನೋಡಿ, ಕಡುಗೆಂಪಿನ ಸಪೂರ ಹುಂಜವನ್ನು ಉಳಿಸಿಕೊಂಡು, ಬಣ್ಣ ಒಂದಿಷ್ಟು ಮಾಸಿದ ಅಗಲ ಮೈಯ ಹುಂಜವನ್ನು ಮಾರಿಬಿಡುತ್ತಾರೆ. ಮಾಸಿದ ಬಣ್ಣವನ್ನು ಎರಡು ಮೂರು ತಲೆಮಾರುಗಳಲ್ಲಿ ಸರಿಪಡಿಸಬಹುದು. ಕಳೆದುಹೋದ ಮೈಕಟ್ಟು ಮರಳಿ ಬರಲು ಅದರ ಎರಡರಷ್ಟು ಕಾಲವಾದರೂ ಬೇಕು.

ಮೊದಲು ಕೋಳಿ ತನ್ನಷ್ಟಕ್ಕೆ ನಿಂತಿರುವಾಗ ಪಕ್ಕದಿಂದ ನೋಡಿ. ಕತ್ತಿನ ಬುಡದಿಂದ ಬಾಲದ ಬುಡದವರೆಗೆ ಬೆನ್ನು ಸಮವಾಗಿ ಸಾಗಬೇಕು. ಬಾಲದ ಕಡೆ ಇಳಿಜಾರಾಗಿದ್ದರೂ, ನಡುವೆ ತಗ್ಗಿದ್ದರೂ ಇಟ್ಟಿಗೆಯ ಆಕಾರ ಹೋಯಿತು. ಎದುರಿನಿಂದ ನೋಡಿದಾಗ ಎರಡು ಕಾಲುಗಳ ನಡುವೆ ಅಗಲವಾದ ಅಂತರವಿದ್ದು, ಕಾಲುಗಳು ನೇರವಾಗಿರಬೇಕು. ಮಂಡಿ ಒಂದಕ್ಕೊಂದು ತಾಗುವ ಕೋಳಿಗೆ ಎದೆಯೊಳಗೆ ಜಾಗ ಕಡಿಮೆ. ಆಮೇಲೆ ತೂಕ. ಕಣ್ಣಂದಾಜು ಬೇಡ, ತಕ್ಕಡಿಯೇ ಬೇಕು, ಅದೂ ಬೆಳಿಗ್ಗೆ ಮೇವು ಹಾಕುವ ಮೊದಲು.

ಎತ್ತಿಕೊಳ್ಳುವಾಗ ಅಂಗೈಯನ್ನು ಎದೆಯ ಕೆಳಗೆ ಜಾರಿಸಿ, ಬೆರಳುಗಳ ನಡುವೆ ಕಾಲುಗಳನ್ನು ಹಿಡಿದು, ತಲೆ ನಿಮ್ಮ ಮೊಣಕೈ ಕಡೆಗೆ ಬರುವಂತೆ ಮುಂಗೈ ಮೇಲೆ ಕೂರಿಸಿಕೊಂಡರೆ ಕೋಳಿ ಗಾಬರಿಯಾಗದು, ಇನ್ನೊಂದು ಕೈ ಪರೀಕ್ಷೆಗೆ ಖಾಲಿ ಇರುತ್ತದೆ. ಮೊದಲು ಎದೆಮೂಳೆಯ ಮೇಲೆ ಬೆರಳಾಡಿಸಿ. ಅದು ಉದ್ದವಾಗಿಯೂ ನೇರವಾಗಿಯೂ ಇರಬೇಕು. ಅಂಕುಡೊಂಕಾದ ಎದೆಮೂಳೆಗೆ ಎಳೆಯದರಲ್ಲಿಯೇ ತೆಳು ಕೋಲಿನ ಮೇಲೆ ಕೂತದ್ದು ಕಾರಣವಿರಬಹುದು, ವಂಶವೂ ಇರಬಹುದು. ಒಂದೇ ಗೂಡಿನಲ್ಲಿ ಬೆಳೆದ ಬೇರೆ ಬೇರೆ ವಂಶದ ಮರಿಗಳನ್ನು ಹೋಲಿಸಿದರೆ ಯಾವುದೆಂದು ತಿಳಿಯುತ್ತದೆ. ಬೆನ್ನಿನ ಮೇಲೆ ಅಂಗೈಯನ್ನು ಚಾಚಿ ಭುಜದಿಂದ ಬಾಲದ ಕಡೆಗೆ ತನ್ನಿ. ಅಗಲ ಕೊನೆಯವರೆಗೂ ಉಳಿಯುವ ಕೋಳಿಯನ್ನು ಗುರುತು ಮಾಡಿಕೊಳ್ಳಿ, ಇಂಥವು ಹಿಂಡಿನಲ್ಲಿ ಹೆಚ್ಚಿರುವುದಿಲ್ಲ.

ಹೇಂಟೆಯಾದರೆ ಗುದದ್ವಾರದ ಎರಡೂ ಬದಿಯ ಮೂಳೆತುದಿಗಳ ನಡುವಿನ ಅಂತರವನ್ನು ನೋಡಬೇಕು. ಮೊಟ್ಟೆ ಇಡುತ್ತಿರುವ ಹೇಂಟೆಯಲ್ಲಿ ಅಲ್ಲಿ ಎರಡು ಮೂರು ಬೆರಳು ಹಿಡಿಸುತ್ತದೆ, ಮೂಳೆ ತೆಳುವಾಗಿ ಬಳುಕುತ್ತದೆ. ಮೊಟ್ಟೆ ನಿಲ್ಲಿಸಿದ ಹೇಂಟೆಯಲ್ಲಿ ಒಂದು ಬೆರಳೂ ಕಷ್ಟ. ಕಾಲಿನ ಬಣ್ಣವನ್ನು ಓದುವುದು ಇದರ ಜೊತೆಯ ಕೆಲಸ. ಹಳದಿ ಬಣ್ಣ ಬರುವುದು ಮೆಕ್ಕೆಜೋಳ ಮತ್ತು ಹಸಿರು ಸೊಪ್ಪಿನಿಂದ. ಹೇಂಟೆ ಮೊಟ್ಟೆಗೆ ಬಿದ್ದೊಡನೆ ಆ ಬಣ್ಣವೆಲ್ಲ ಮೊಟ್ಟೆಯ ಹಳದಿ ಭಾಗಕ್ಕೆ ಹೋಗುವುದರಿಂದ, ಮೈಮೇಲಿನದು ಒಂದು ಗೊತ್ತಾದ ಕ್ರಮದಲ್ಲಿ ಮಾಸುತ್ತ ಬರುತ್ತದೆ: ಮೊದಲು ಗುದದ್ವಾರ, ಬಳಿಕ ಕಣ್ಣಿನ ಸುತ್ತಲಿನ ಅಂಚು, ಆಮೇಲೆ ಕೊಕ್ಕು ಬುಡದಿಂದ ತುದಿಗೆ, ಎಲ್ಲಕ್ಕಿಂತ ಕೊನೆಗೆ ಕಾಲು. ಕಾಲು ಪೂರ್ತಿ ಬಿಳಿಚಲು ನಾಲ್ಕಾರು ತಿಂಗಳು ಸತತವಾಗಿ ಮೊಟ್ಟೆ ಇಟ್ಟಿರಬೇಕು. ಹಾಗಾಗಿ ಕೊಪ್ಪರಿಗೆಯಂತೆ ಹಳದಿ ಹೊಳೆಯುವ ಕಾಲಿನ, ವರ್ಷ ದಾಟಿದ ಹೇಂಟೆಯನ್ನು ಕಂಡು ಹಿಗ್ಗುವ ಮೊದಲು, ಅದು ಮೊಟ್ಟೆ ಇಟ್ಟಿದೆಯೇ ಎಂದು ಕೇಳಿಕೊಳ್ಳಬೇಕು. ಬಿಳಿಚಿದ ಕಾಲಿನ, ಕೊಕ್ಕಿನ ಹೇಂಟೆ ಬಣ್ಣದಲ್ಲಿ ಅಂಕ ಕಳೆದುಕೊಂಡರೂ ನನ್ನ ಗೂಡಿನಲ್ಲಿ ಅದಕ್ಕೇ ಮೊದಲ ಜಾಗ.

ತಲೆಯ ಪರೀಕ್ಷೆ ಬೇಗ ಮುಗಿಯುತ್ತದೆ: ಜುಟ್ಟಿನ ಹಲ್ಲುಗಳು, ಪಕ್ಕದ ಮೊಳಕೆ, ಕೊಕ್ಕಿನ ಹೊಂದಿಕೆ, ಕಿವಿಹಾಲೆಯಲ್ಲಿ ಬಿಳುಪು, ಎರಡೂ ಕಣ್ಣಿನ ಬಣ್ಣ ಒಂದೇ ಆಗಿದೆಯೇ ಎಂಬುದು. ಬೂದು ಬಣ್ಣಕ್ಕೆ ತಿರುಗಿದ, ಅಂಚು ಒಡೆದ ಕಣ್ಣು ಮಾರೆಕ್ಸ್ ರೋಗದ ಗುರುತೂ ಆಗಿರಬಹುದಾದ್ದರಿಂದ ಅಂಥದ್ದನ್ನು ತಳಿಗೆ ಬಳಸಬಾರದು.

ರೆಕ್ಕೆಗೆ ಮಾತ್ರ ಸಮಯ ಕೊಡಬೇಕು. ಮಡಿಸಿದಾಗ ಕೆಂಪಾಗಿ ಕಾಣುವ ರೆಕ್ಕೆಯನ್ನು ಬೀಸಣಿಗೆಯಂತೆ ಬಿಡಿಸಿದರೆ, ಒಳಗೆ ಕಪ್ಪು ಬರೆದಿಟ್ಟಂತೆ ಕಾಣಬೇಕು. ತುದಿಯ ಕಡೆಯ ಹತ್ತು ಹಾರುಗರಿಗಳಲ್ಲಿ ಪ್ರತಿಯೊಂದೂ ದಂಟಿನ ಮೇಲಿನ ಬದಿಗೆ ಕೆಂಪು, ಕೆಳಗಿನ ಬದಿಗೆ ಕಪ್ಪು. ಮೈಯ ಕಡೆಯ ಗರಿಗಳಲ್ಲಿ ಇದು ತಿರುವುಮುರುವಾಗಿ, ಹೊರಗೆ ಕಾಣುವ ಬದಿ ಕೆಂಪು. ಎಷ್ಟೋ ಮಿಶ್ರ ತಳಿಯ ಕೆಂಪು ಕೋಳಿಗಳು ಸಿಕ್ಕಿಬೀಳುವುದು ಇಲ್ಲಿಯೇ. ಅವುಗಳ ರೆಕ್ಕೆ ಬಿಡಿಸಿದರೆ ಕಪ್ಪಿನ ಬದಲು ಬೂದಿ ಬಣ್ಣದ ಮಸಕು ಅಥವಾ ಬಿಳಿ ಇರುತ್ತದೆ. ಹಾಗೆಯೇ ಎರಡು ಗುಂಪುಗಳ ನಡುವೆ ಒಂದು ಗರಿಯ ಜಾಗ ಶಾಶ್ವತವಾಗಿ ಖಾಲಿಯಿದ್ದರೆ ಅದು ಸೀಳು ರೆಕ್ಕೆ, ಹಾರುಗರಿಗಳು ಒಳಗೆ ಮಡಚಿಕೊಳ್ಳದೆ ಹೊರಗೆ ಜೋತರೆ ಜಾರು ರೆಕ್ಕೆ. ಎರಡೂ ಅನರ್ಹತೆಗಳೇ. ಪುಕ್ಕ ಉದುರಿ ಮತ್ತೆ ಬರುತ್ತಿರುವಾಗ ಆರೋಗ್ಯವಾದ ಕೋಳಿಯ ರೆಕ್ಕೆಯೂ ಹೀಗೆ ಕಾಣಬಹುದು, ಆಗ ತೀರ್ಮಾನವನ್ನು ಎರಡು ತಿಂಗಳು ಮುಂದೂಡಿ.

ಇನ್ನು ಬಣ್ಣ. ಹುಂಜವನ್ನು ಮರದ ನೆರಳಿಗೆ ತಂದು, ಹಗಲಿನ ಬೆಳಕಿನಲ್ಲಿ ನೋಡಬೇಕು. ನೇರ ಬಿಸಿಲಿನಲ್ಲಿ ಗರಿಯ ಹೊಳಪು ಕಣ್ಣನ್ನು ಮೋಸಗೊಳಿಸುತ್ತದೆ, ಗೂಡಿನ ಬಲ್ಬಿನಡಿ ಎಲ್ಲ ಕೆಂಪೂ ಒಂದೇ. ಕತ್ತು, ಬೆನ್ನು, ಎದೆ, ಸೊಂಟ ಎಲ್ಲ ಕಡೆ ಒಂದೇ ಸಮನಾದ, ಆಳವಾದ, ಹೊಳಪುಳ್ಳ ಕೆಂಪು ಇರಬೇಕು. ಕತ್ತು ತೆಳು ಕಿತ್ತಳೆಯಾಗಿ ಬೆನ್ನು ಕಡುವಾಗಿದ್ದರೆ ಅದು ದೊಡ್ಡ ಕೊರತೆ. ಬಾಲ ಹಸಿರು ಮಿನುಗುವ ಕಪ್ಪು. ಹೇಂಟೆಯ ಕತ್ತಿನ ಕೆಳಭಾಗದ ಗರಿಗಳ ತುದಿಯಲ್ಲಿ ಸಣ್ಣ ಕಪ್ಪು ಚುಕ್ಕೆಗಳಿದ್ದರೆ ತಪ್ಪಿಲ್ಲ, ಮಾನದಂಡವೇ ಅದನ್ನು ಹೇಳುತ್ತದೆ; ಹುಂಜದ ಕತ್ತಿನಲ್ಲಿ ಇರಬಾರದು. ವರ್ಷವಿಡೀ ಬಿಸಿಲಿನಲ್ಲಿ ಮೇದ ಕೋಳಿಯ ಹಳೆಯ ಗರಿ ಮಾಸಿರುತ್ತದೆ, ಆದ್ದರಿಂದ ಬಣ್ಣದ ಅಂತಿಮ ತೀರ್ಪು ಪುಕ್ಕ ಬದಲಾದ ಮೇಲೆಯೇ ಸರಿ.

ಕೊನೆಗೆ ಬೆನ್ನಿನ ಗರಿಗಳನ್ನು ಊದಿ ಅಥವಾ ಬೆರಳಿನಿಂದ ಬಿಡಿಸಿ, ಬುಡದ ನವಿರನ್ನು ನೋಡಿ. ಚರ್ಮದವರೆಗೂ ಕೆಂಪಿರಬೇಕು. ಅಲ್ಲಿ ಹೊಗೆ ಹಿಡಿದಂತೆ ಬೂದು ಕಪ್ಪು ಕಂಡರೆ ಅದು ಕೊರತೆ, ಬಿಳಿ ಕಂಡರೆ ಇನ್ನೂ ಕೆಟ್ಟದ್ದು, ಏಕೆಂದರೆ ಬುಡದ ಬಿಳುಪು ಮುಂದಿನ ತಲೆಮಾರಿನಲ್ಲಿ ರೆಕ್ಕೆ, ಬಾಲಗಳಿಗೆ ಏರುವ ಅಪಾಯವಿದೆ.

ಇಷ್ಟನ್ನೂ 100 ಅಂಕಗಳ ಪಟ್ಟಿಯಲ್ಲಿ ತುಂಬುವುದು ಮನೆಯ ಸಾಕಣೆದಾರರಿಗೆ ಭಾರವಾಗುತ್ತದೆ. ತೂಕ, ಮೈಕಟ್ಟು, ಕಾಲು, ತಲೆ, ರೆಕ್ಕೆ, ಹೊರಬಣ್ಣ, ಒಳಬಣ್ಣ ಎಂಬ ಏಳು ಕಲಂಗಳಿಗೆ ಒಂದರಿಂದ ಐದರವರೆಗೆ ಅಂಕ ಕೊಟ್ಟು ಕಾಲುಂಗುರದ ಸಂಖ್ಯೆಯ ಎದುರು ಬರೆದರೆ ಸಾಕು. ಒಟ್ಟು ಮೊತ್ತಕ್ಕಿಂತ ಯಾವ ಕಲಂನಲ್ಲಿ ಎಷ್ಟು ಎಂಬುದೇ ಮುಂದಿನ ಹಂತಕ್ಕೆ ಬೇಕಾಗುವುದು.

ನಾಲ್ಕನೆಯ ಹಂತ: ಜೋಡಿ ಮಾಡುವುದು

ಒಂದೇ ಕೊರತೆಯಿರುವ ಹುಂಜ ಹೇಂಟೆಗಳನ್ನು ಒಂದೇ ಗೂಡಿಗೆ ಹಾಕಬಾರದು. ಇದು ಎಲ್ಲರೂ ಹೇಳುವ ನಿಯಮ. ಹೆಚ್ಚು ಜನ ಎಡವುವುದು ಇದರ ಮುಂದಿನ ಮೆಟ್ಟಿಲಿನಲ್ಲಿ. ಬೆನ್ನು ಇಳಿಜಾರಾದ ಹೇಂಟೆಗೆ ಬೆನ್ನು ಏರಾದ ಹುಂಜವನ್ನು ಕೊಟ್ಟರೆ ಮರಿಗಳ ಬೆನ್ನು ಸಮವಾಗುತ್ತದೆಂದು ಲೆಕ್ಕ ಹಾಕುತ್ತಾರೆ. ಹಾಗಾಗುವುದಿಲ್ಲ, ಕೆಲವು ಮರಿಗಳು ಇಳಿಜಾರು, ಕೆಲವು ಏರು, ಮೊಮ್ಮಕ್ಕಳಲ್ಲಿ ಎರಡೂ. ಹೇಂಟೆಯಲ್ಲಿ ಯಾವುದು ಕಡಿಮೆಯೋ ಅದರಲ್ಲಿ ಸರಿಯಾಗಿರುವ ಹುಂಜವೇ ಅದಕ್ಕೆ ಜೋಡಿ.

ಬಣ್ಣದಲ್ಲಿ ಈ ತಳಿ ಒಂದು ಪಾಠವನ್ನು ಕಷ್ಟಪಟ್ಟು ಕಲಿತಿದೆ. ಪ್ರದರ್ಶನದ ಗೀಳಿನಲ್ಲಿ ಅತಿ ಕಡುಗೆಂಪನ್ನೇ ಕಡುಗೆಂಪಿಗೆ ಜೋಡಿ ಮಾಡುತ್ತ ಹೋದ ಕಡೆಗಳಲ್ಲಿ ಗರಿಗಳು ಕಿರಿದಾಗಿ, ಎಳೆ ಬಿಟ್ಟಂತಾಗಿ, ಒಳಬಣ್ಣದಲ್ಲಿ ಕಪ್ಪು ಹೊಗೆ ಸೇರಿತು. ಅದನ್ನು ತೊಳೆಯಲೆಂದು ಕಪ್ಪು ಕಂಡಲ್ಲೆಲ್ಲ ಕೋಳಿಗಳನ್ನು ತೆಗೆದುಹಾಕಿದರೆ ರೆಕ್ಕೆ ಬಾಲಗಳಲ್ಲಿ ಬೇಕಾದ ಕಪ್ಪೂ ತೆಳುವಾಗುತ್ತದೆ. ಅನುಭವಿಗಳು ಆದ್ದರಿಂದ ರೆಕ್ಕೆಯಲ್ಲಿ ಗಟ್ಟಿ ಕಪ್ಪು, ಬುಡದಲ್ಲಿ ಶುದ್ಧ ಕೆಂಪು ಇರುವ ಹುಂಜಕ್ಕೆ, ಬುಡದಲ್ಲಿ ತುಸು ಹೊಗೆಯಿದ್ದರೂ ಅಗಲ ಗರಿಯ ಮಧ್ಯಮ ಕೆಂಪಿನ ಹೇಂಟೆಗಳನ್ನು ಕೊಡುತ್ತಾರೆ. ಗರಿಯ ಅಗಲ ನೋಡದೆ ಬಣ್ಣ ಮಾತ್ರ ನೋಡುವುದು ಈ ತಳಿಯಲ್ಲಿ ದುಬಾರಿ ತಪ್ಪು.

ಒಂದು ಹುಂಜಕ್ಕೆ ಎಂಟರಿಂದ ಹತ್ತು ಹೇಂಟೆಗಳು ಸಾಕು. ಹುಂಜ ಬದಲಾಯಿಸಿದ ಮೇಲೆ ಮೂರು ವಾರ ಕಾದೇ ಮರಿಗೆ ಮೊಟ್ಟೆ ಇಡಬೇಕು, ಹೇಂಟೆಯ ಒಡಲಲ್ಲಿ ಹಿಂದಿನ ಹುಂಜದ ವೀರ್ಯ ಎರಡು ವಾರದವರೆಗೂ ಉಳಿಯಬಲ್ಲದು. ಈ ಕಾಯುವಿಕೆಯನ್ನು ತಪ್ಪಿಸಿದವರ ದಾಖಲೆ ಪುಸ್ತಕ ಎಷ್ಟು ಅಚ್ಚುಕಟ್ಟಾಗಿದ್ದರೂ ನಂಬುವಂತಿಲ್ಲ.

ಐದನೆಯ ಹಂತ: ಮೊಟ್ಟೆ, ಮರಿ, ಗುರುತು

ನಮ್ಮ ಹವೆಯಲ್ಲಿ ಸೆಪ್ಟೆಂಬರ್‌ನಿಂದ ಜನವರಿಯೊಳಗೆ ಮರಿ ಮಾಡಿಸುವುದು ಅನುಕೂಲ. ಬೇಸಿಗೆಯ ಹೊತ್ತಿಗೆ ಮರಿಗಳು ಬಲಿತಿರುತ್ತವೆ. ಸಿಪ್ಪೆ ಗಟ್ಟಿಯಿರುವ, ಆಕಾರ ಸರಿಯಿರುವ ಕಂದು ಮೊಟ್ಟೆಗಳನ್ನು ಆರಿಸಿ, ಮೊನಚು ತುದಿ ಕೆಳಗಿಟ್ಟು, ತಂಪಾದ ಕೋಣೆಯಲ್ಲಿ ಒಂದು ವಾರ ಮೀರದಂತೆ ಕೂಡಿಡಬೇಕು. ಫ್ಯಾನ್ ಇರುವ ಇನ್‌ಕ್ಯುಬೇಟರ್‌ನಲ್ಲಿ 37.5 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇ 50ರಿಂದ 55, ಕೊನೆಯ ಮೂರು ದಿನ ತಿರುಗಿಸುವುದನ್ನು ನಿಲ್ಲಿಸಿ ತೇವಾಂಶ ಶೇ 65ರ ಮೇಲೆ. 21ನೆಯ ದಿನಕ್ಕೆ ಮರಿ. ಊರ ಹೇಂಟೆಯನ್ನು ಕಾವಿಗೆ ಕೂರಿಸುವವರಿಗೆ ಈ ಲೆಕ್ಕ ಯಾವುದೂ ಬೇಕಿಲ್ಲ, ಆದರೆ ಬೇರೆ ಬೇರೆ ಗೂಡಿನ ಮೊಟ್ಟೆಗಳನ್ನು ಒಂದೇ ಹೇಂಟೆಯಡಿ ಸೇರಿಸಬಾರದು.

ಪ್ರತಿ ಮೊಟ್ಟೆಯ ಮೇಲೆ ಗೂಡಿನ ಸಂಖ್ಯೆ, ತಾರೀಖನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಒಡೆಯುವ ದಿನ ಒಂದೊಂದು ಗೂಡಿನ ಮೊಟ್ಟೆಗಳನ್ನು ಬೇರೆ ಬೇರೆ ಬುಟ್ಟಿಗೆ ಹಾಕಿ. ಮರಿ ಒಣಗಿದ ಕೂಡಲೇ ಕಾಲ್ಬೆರಳುಗಳ ನಡುವಿನ ಚರ್ಮದಲ್ಲಿ ಸಣ್ಣ ತೂತು ಹಾಕಿ ಗುರುತಿಸುವುದು ಹಳೆಯ, ಖರ್ಚಿಲ್ಲದ ವಿಧಾನ. ಎರಡು ಕಾಲಿಗೆ ನಾಲ್ಕು ಜಾಗ. ತೂತು ಇದೆ, ಇಲ್ಲ ಎಂಬುದರಿಂದ ಒಟ್ಟು ಹದಿನಾರು ಬಗೆಯ ಗುರುತು ಸಿಗುತ್ತದೆ, ಮನೆಮಟ್ಟದ ಹಿಂಡಿಗೆ ಅಷ್ಟು ಧಾರಾಳ. ಕೊಕ್ಕರೆ ರೋಗ, ಸಿಡುಬು, ಮಾರೆಕ್ಸ್‌ಗಳ ಲಸಿಕೆಯನ್ನು ಹತ್ತಿರದ ಪಶುವೈದ್ಯರ ವೇಳಾಪಟ್ಟಿಯಂತೆ ಹಾಕಿಸಿ.

ಆರನೆಯ ಹಂತ: ವಯಸ್ಸಿಗೆ ತಕ್ಕಂತೆ ಆರಿಸುವುದು

ಎಲ್ಲವನ್ನೂ ಒಂದೇ ದಿನ ಅಳೆಯಲಾಗದು. ಒಂದು ದಿನದ ಮರಿಯಲ್ಲಿ ನೋಡಬೇಕಾದ್ದು ಬೆರಳುಗಳು ನಾಲ್ಕೇ ಇವೆಯೇ, ಕಾಲಿನ ಮೇಲೆ ನವಿರಿದೆಯೇ, ಹೊಕ್ಕುಳು ಒಣಗಿದೆಯೇ ಎಂಬಿಷ್ಟೇ. ಎಂಟು ವಾರಕ್ಕೆ ಅಡ್ಡ ಕೊಕ್ಕು, ಪಕ್ಕದ ಜುಟ್ಟುಹಲ್ಲು, ಓರೆ ಬಾಲ ಗೊತ್ತಾಗುತ್ತವೆ. ಆಗಲೇ ಅಗಲ ಮೈಯ ಮರಿಗಳೂ ಎದ್ದು ಕಾಣುತ್ತವೆ, ತೂಕವನ್ನು ಬರೆದಿಡಬೇಕು. ಈ ವಯಸ್ಸಿನ ಗರಿಯ ಬಣ್ಣವನ್ನು ನೋಡಿ ಯಾವ ತೀರ್ಮಾನವೂ ಬೇಡ, ಆ ಗರಿಗಳೆಲ್ಲ ಉದುರಿಹೋಗುತ್ತವೆ. ನಾಲ್ಕೈದು ತಿಂಗಳಿಗೆ ರೆಕ್ಕೆ ಮತ್ತು ಎದೆಮೂಳೆ. ಆರರಿಂದ ಎಂಟು ತಿಂಗಳಿಗೆ ಬಲಿತ ಗರಿ ಬಂದಮೇಲೆ ಮೂರನೆಯ ಹಂತದಲ್ಲಿ ಹೇಳಿದ ಪೂರ್ತಿ ಪರೀಕ್ಷೆ.

ನೂರು ಮರಿಗಳಲ್ಲಿ ಐವತ್ತು ಹುಂಜಗಳೆಂದರೆ, ಕೊನೆಗೆ ನಾಲ್ಕೈದನ್ನು ಉಳಿಸಿಕೊಂಡರೆ ಸಾಕು, ಹೇಂಟೆಗಳಲ್ಲಿ ಹದಿನೈದಿಪ್ಪತ್ತು. ಉಳಿದವು ಮಾಂಸಕ್ಕೆ, ಮೊಟ್ಟೆಗೆ ಹೋಗುತ್ತವೆ, ಈ ತಳಿಯ ಒಂದು ದೊಡ್ಡ ಅನುಕೂಲವೇ ಅದು. ತಳಿಗೆ ಬೇಡವಾದ ಹುಂಜವನ್ನು ‘ಶುದ್ಧ ಆರ್‌ಐಆರ್’ ಎಂದು ಮತ್ತೊಬ್ಬ ಸಾಕಣೆದಾರನಿಗೆ ಮಾರುವುದು ಮಾತ್ರ ಸಲ್ಲದು.

ಎರಡನೆಯ ವರ್ಷ ಪುಕ್ಕ ಬದಲಿಸಿ, ಮೈಕಟ್ಟು ಕೆಡದೆ, ಮತ್ತೆ ಮೊಟ್ಟೆಗೆ ಬಂದ ಹೇಂಟೆಯ ಬೆಲೆಯೇ ಬೇರೆ. ರೋಗ, ಬೇಸಿಗೆ, ಒಂದು ವರ್ಷದ ಮೊಟ್ಟೆಯ ಭಾರ ಮೂರನ್ನೂ ತಾಳಿದ ಈ ಹೇಂಟೆಗಳಿಂದಲೇ ಮುಂದಿನ ಹುಂಜಗಳನ್ನು ಆರಿಸಬೇಕು.

ಏಳನೆಯ ಹಂತ: ದಾಖಲೆ, ಬಳಗ, ಹೊಸ ರಕ್ತ

ಮೂರು ಗೂಡುಗಳನ್ನು ಮೂರು ಬಳಗಗಳೆಂದು ಇಟ್ಟುಕೊಳ್ಳಿ. ಹೆಣ್ಣುಮರಿಗಳು ತಾಯಿಯ ಬಳಗದಲ್ಲಿಯೇ ಉಳಿಯಲಿ. ಗಂಡುಮರಿಗಳಲ್ಲಿ ಆರಿಸಿದ್ದು ಪ್ರತಿ ವರ್ಷ ಮುಂದಿನ ಬಳಗಕ್ಕೆ ಹೋಗಲಿ, ಒಂದನೆಯದರ ಹುಂಜ ಎರಡಕ್ಕೆ, ಎರಡರದ್ದು ಮೂರಕ್ಕೆ, ಮೂರರದ್ದು ಒಂದಕ್ಕೆ. ಅಣ್ಣ ತಂಗಿಯರ ಜೋಡಿ ಇದರಿಂದ ತಾನಾಗಿಯೇ ತಪ್ಪುತ್ತದೆ. ಒಡಹುಟ್ಟಿದವರ ಜೋಡಿಯ ಮರಿಗಳಲ್ಲಿ ಒಳಸಂಬಂಧದ ಪ್ರಮಾಣ ಒಂದೇ ಸಲಕ್ಕೆ ಶೇ 25 ಆಗುತ್ತದೆ, ಮರಿ ಒಡೆಯುವ ಪ್ರಮಾಣ ಕುಸಿಯುವುದು ಅದರ ಮೊದಲ ಸೂಚನೆ.

ಪುಸ್ತಕದಲ್ಲಿ ಪ್ರತಿ ಹುಂಜದ ಹೆಸರಿಗೆ ಒಂದು ಪುಟ ಬಿಡಿ: ಇಟ್ಟ ಮೊಟ್ಟೆ, ಫಲವಾದದ್ದು, ಒಡೆದದ್ದು, ಎಂಟು ವಾರಕ್ಕೆ ಉಳಿದದ್ದು, ಅನರ್ಹತೆಯಿಂದ ತೆಗೆದದ್ದು, ಕೊನೆಗೆ ಆಯ್ಕೆಯಾದದ್ದು. ಎರಡು ವರ್ಷ ಇದನ್ನು ತುಂಬಿದವರಿಗೆ, ಅಂಕಪಟ್ಟಿಯಲ್ಲಿ ಎರಡನೆಯ ಸ್ಥಾನದಲ್ಲಿದ್ದ ಹುಂಜದ ಮರಿಗಳೇ ಹೆಚ್ಚು ಆಯ್ಕೆಯಾಗಿರುವುದು ಎಷ್ಟೋ ಸಲ ಕಂಡುಬರುತ್ತದೆ. ಆಗ ಅಂಕಪಟ್ಟಿಯನ್ನು ಬದಿಗಿಟ್ಟು ಆ ಹುಂಜವನ್ನೇ ಇನ್ನೊಂದು ವರ್ಷ ಉಳಿಸಿಕೊಳ್ಳಬೇಕು.

ಹೊಸ ರಕ್ತ ಬೇಕೆನಿಸಿದಾಗ ಹೊರಗಿನ ಹುಂಜವನ್ನು ಇಡೀ ಹಿಂಡಿಗೆ ಬಿಡುವುದು ಬೇಡ. ತಂದ ಕೋಳಿಯನ್ನು ಮೂವತ್ತು ದಿನ ಬೇರೆ ಕಡೆ ಇರಿಸಿ, ಪುಲ್ಲೋರಮ್ ಪರೀಕ್ಷೆ ಮಾಡಿಸಿ, ನಿಮ್ಮ ಎರಡು ಮೂರು ಒಳ್ಳೆಯ ಹೇಂಟೆಗಳೊಡನೆ ಮಾತ್ರ ಬೇರೆ ಗೂಡಿನಲ್ಲಿ ಜೋಡಿ ಮಾಡಿ. ಆ ಮರಿಗಳಿಗೆ ಪ್ರತ್ಯೇಕ ಗುರುತು ಹಾಕಿ ಎಂಟು ತಿಂಗಳು ಬೆಳೆಸಿ ನೋಡಿ. ಬಿಳಿ ಕಾಲು, ಮಸಕು ರೆಕ್ಕೆ, ಕಾಲಿನ ಪುಕ್ಕ ಯಾವುದೂ ಕಾಣದಿದ್ದರೆ ಅವುಗಳಲ್ಲಿ ಉತ್ತಮವಾದ ಹೆಣ್ಣುಗಳನ್ನು ನಿಮ್ಮ ಹುಂಜಕ್ಕೆ ಕೊಟ್ಟು, ಅವುಗಳ ಮರಿಗಳನ್ನು ಒಂದು ಬಳಗಕ್ಕೆ ಮಾತ್ರ ಸೇರಿಸಿ. ಉಳಿದ ಎರಡು ಬಳಗಗಳು ಹಾಗೆಯೇ ಇದ್ದರೆ, ಹೊಸ ರಕ್ತದಲ್ಲಿ ಅಡಗಿದ್ದ ದೋಷ ಮೂರನೆಯ ತಲೆಮಾರಿಗೆ ಹೊರಬಿದ್ದರೂ ಹಿಂದಿರುಗಲು ದಾರಿ ಇರುತ್ತದೆ.